ದಾನೇಶ್ವರಿಯ ಹಲ್ಲು ನುಂಗಿದ ಕರಿ ಆಡಿನವರಿಗೆ

ಮಾನ್ಯ ಕರಿ ಆಡಿನವರೇ,

ಯಂಕಂಚಿಯಿಂದ ಚಂದಪ್ಪನ ಅನೇಕ ನಮಸ್ಕಾರಗಳು. ತಮಗೆ ಪಾದಗಳು ನಾಲ್ಕಿರುವುದರಿಂದ ಒಂದೊಂದಕ್ಕೂ ಪ್ರತ್ಯೇಕವಾಗಿ ನಮಸ್ಕರಿಸಿದ್ದೇನೆಂದು ತಿಳಿಯಬೇಕು. ಕೊಂಬುಗಳಿಗೆ ಮಾತ್ರ ದೂರದಿಂದಲೇ ಕೈಮುಗಿದಿದ್ದೇನೆ, ಅವುಗಳ ಪರಿಚಯ ನನ್ನ ತೊಡೆಗೆ ಮೊದಲೇ ಆಗಿದೆ. ತಾವು ಈಗ ಚಡಚಣದಲ್ಲಿ ತಮ್ಮ ಈಗಿನ ಯಜಮಾನರಾದ ಶಮಾ ಅವರ ಮನೆಯ ಹಿತ್ತಲಿನಲ್ಲಿ ಮರಿಯೊಂದಿಗೆ ಕ್ಷೇಮವಾಗಿ ನೆಲೆಸಿ, ಪಕ್ಕದವರ ದ್ರಾಕ್ಷಿ ತೋಟದ ಕಡೆಗೆ ಕತ್ತು ಚಾಚುವ ಅಭ್ಯಾಸ ಮಾಡುತ್ತಿದ್ದೀರೆಂದು ಕೇಳಿ ಸಂತೋಷವಾಯಿತು. ಇಲ್ಲಿ ನಾವೆಲ್ಲ ಆರಾಮ ಇದ್ದೇವೆ, ಅಂದರೆ ತಾವು ಬಿಟ್ಟುಹೋದಷ್ಟರಲ್ಲಿ ಆರಾಮ ಇದ್ದೇವೆ.

ತಮ್ಮ ಹಿಂದಿನ ಯಜಮಾನರಾದ ಮಲಿಕಸಾಬರ ಪಕ್ಕದ ಮನೆಯವನು ನಾನು. ಸಿಂದಗಿಯ ಬಸ್ ನಿಲ್ದಾಣದಲ್ಲಿ ನಿಯಂತ್ರಕನಾಗಿದ್ದು ನಿವೃತ್ತನಾದವನು. ನೌಕರಿಯುದ್ದಕ್ಕೂ ದೂರುಗಳನ್ನು ಕೇಳಿದವನೇ ಹೊರತು ಒಂದನ್ನೂ ಬರೆದವನಲ್ಲ. ಮುದ್ದೇಬಿಹಾಳದ ಬಸ್ಸು ಯಾವಾಗ ಎಂದು ಕೇಳಿದವರಿಗೂ, ಬಾಗೇವಾಡಿಯ ಬಸ್ಸು ಈಗಷ್ಟೇ ಹೋಯಿತೇ ಎಂದು ಕೇಳಿದವರಿಗೂ, 'ಕುಂದರ್ರಿ, ಬರತೈತಿ' ಎಂಬ ಒಂದೇ ಉತ್ತರ ಕೊಟ್ಟು ನಿವೃತ್ತಿಯವರೆಗೆ ಮರ್ಯಾದೆಯಿಂದ ಬಂದು ಮುಟ್ಟಿದವನು. ಅಂಥವನ ಕೈಗೆ ಪೆನ್ನು ಹಿಡಿಸಿ ದೂರು ಬರೆಸಿದ ಕೀರ್ತಿ ತಮ್ಮದು. ನನ್ನ ಬಾಯಿಯಲ್ಲಿ ಸ್ವಂತದ್ದು ಎನ್ನುವ ಹಲ್ಲು ಒಂದೂ ಇಲ್ಲ, ಮೇಲಿನದೊಂದು ಕೆಳಗಿನದೊಂದು ಕಟ್ಟಿಸಿದ ಸೆಟ್ಟು ಇದ್ದು, ಊಟವಿಲ್ಲದ ಹೊತ್ತಿನಲ್ಲಿ ಅವು ಕಿಟಕಿಯಲ್ಲಿನ ಸ್ಟೀಲ್ ಗ್ಲಾಸಿನೊಳಗೆ ವಿಶ್ರಾಂತಿ ಪಡೆಯುತ್ತಿದ್ದವು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ವಿಷಯಕ್ಕೆ ಬರುತ್ತೇನೆ. ತಾವು ನನ್ನ ಮೊಮ್ಮಗಳು ದಾನೇಶ್ವರಿಯ ಮುಂದಿನ ಹಲ್ಲನ್ನು, ಮೇಲ್ಸಾಲಿನ ನಟ್ಟನಡುವಿನದನ್ನು, ಯಾರ ಅನುಮತಿಯನ್ನೂ ಪಡೆಯದೆ ನುಂಗಿದ್ದೀರಿ.

ದಾನೇಶ್ವರಿ ಎರಡನೇ ಇಯತ್ತೆಯ ಹುಡುಗಿ. ಹೇಳಿದ್ದನ್ನು ಪೂರ್ತಿ ಕೇಳುತ್ತಾಳೆ, ಕೇಳಿದ್ದನ್ನು ಪೂರ್ತಿ ನಂಬುತ್ತಾಳೆ, ಮನೆಯಲ್ಲಿ ಉಳಿದವರಿಗೆ ಇಲ್ಲದ ರೋಗ ಇದು. ಅವಳ ಹಲ್ಲು ಬೀಳುವುದಕ್ಕೆ ತುಸು ಮೊದಲು ಬಸವನ ಬಾಗೇವಾಡಿಯಿಂದ ಬುಶ್ರಾ ಎಂಬ ದಂತವೈದ್ಯೆ ನಮ್ಮೂರ ಶಾಲೆಗೆ ಬಂದು, ಮಕ್ಕಳ ಬಾಯಿಗಳನ್ನೆಲ್ಲ ನೋಡಿ, ಗಟ್ಟಿ ಹಲ್ಲು ಬೇಕಾದರೆ ಏನು ತಿನ್ನಬೇಕೆಂದು ತಿಳಿಸಿ ಹೋಗಿದ್ದರು. ಹಾಲು, ಮೊಸರು, ತತ್ತಿ, ಎಳ್ಳು, ಶೇಂಗಾ, ಮೆಂತೆಪಲ್ಯ, ನುಗ್ಗೆಸೊಪ್ಪು ತಿನ್ನಬೇಕು. ಹಸಿ ಗಜ್ಜರಿ, ಪೇರಲ, ಸವತಿಕಾಯಿಗಳನ್ನು ಕಚ್ಚಿ ತಿನ್ನಬೇಕು. ಜೋಳದ ರೊಟ್ಟಿಯನ್ನು ನುಂಗದೆ ಅಗಿಯಬೇಕು. ಉಂಡ ಮೇಲೆ ಬಾಯಿ ಮುಕ್ಕಳಿಸಬೇಕು. ಚಹಾದಲ್ಲಿ ಅದ್ದಿದ ಬಿಸ್ಕೀಟು ಹಲ್ಲಿನ ಸಂದಿಯಲ್ಲಿ ಮೆತ್ತಿಕೊಂಡು ಕೂಡುತ್ತದೆ, ಅದನ್ನು ಬಿಡಬೇಕು. ಲಿಂಬೆಹಣ್ಣಿಗೆ ಉಪ್ಪು ಹಚ್ಚಿ ದಿನವಿಡೀ ಚೀಪಿದರೆ ಹಲ್ಲಿನ ಹೊಳಪು ಸವೆಯುತ್ತದೆ ಎಂದು ಅವರು ಹೇಳಿದಾಗ, ಲಿಂಬೆಗೆ ಹೆಸರಾದ ಇಂಡಿಯೇ ತವರುಮನೆಯಾದ ನನ್ನ ಹೆಂಡತಿ ಸಾವಿತ್ರವ್ವ ಪಾಲಕರ ಸಾಲಿನಿಂದ ಎದ್ದುನಿಂತು, 'ಲಿಂಬಿಗೆ ಹಂಗ ಅನಬ್ಯಾಡ್ರಿ ಬಾಯಾರ, ಅನ್ನಕ್ಕ ಹಿಂಡಿಕೊಂಡ್ರ ನಡೀತೈತಿಲ್ರಿ?' ಎಂದು ಕೇಳಿ, ನಡೆಯುತ್ತದೆ ಎಂಬ ಒಪ್ಪಿಗೆ ಪಡೆದ ಮೇಲೆಯೇ ಕೂತಳು.

ಇನ್ನು ಹಲ್ಲಿನ ಸಂಗತಿ. ಬಿದ್ದ ಹಾಲುಹಲ್ಲನ್ನು ಹೆಂಡಿಯ, ಅಂದರೆ ಸಗಣಿಯ, ಉಂಡೆಯಲ್ಲಿ ಮುಚ್ಚಿ, ಮೇಲೊಂದು ಕರಿಕೆ ಹುಲ್ಲಿನ ಎಸಳು ಚುಚ್ಚಿ, ಹೊಸದು ಕೊಡು ಎಂದು ಕೇಳಿಕೊಂಡು ಮಾಳಿಗೆಯ ಮೇಲೆ ಎಸೆಯುವುದು ನಮ್ಮ ಮನೆಯ ಪದ್ಧತಿ. ದಾನೇಶ್ವರಿಯ ಕೆಳಗಿನ ಹಲ್ಲುಗಳು ಹಾಗೆಯೇ ಹೋಗಿ, ಯಾವ ರಗಳೆಯೂ ಇಲ್ಲದೆ ಹಾಗೆಯೇ ಬಂದಿದ್ದವು. ಆಗ ನಮ್ಮ ಓಣಿಯಲ್ಲಿ ಒಂದು ಎಮ್ಮೆಯಾದರೂ ಇತ್ತು. ಈಗ ಓಣಿಯ ಎರಡೂ ತುದಿಗೆ ಟ್ರ್ಯಾಕ್ಟರ್ ನಿಂತಿವೆ, ಟ್ರ್ಯಾಕ್ಟರು ಹೆಂಡಿ ಹಾಕುವುದಿಲ್ಲ. ಮೇಲಿನ ಹಲ್ಲು ಬಿದ್ದ ಮುಂಜಾನೆ ಸಾವಿತ್ರವ್ವ ಬುಟ್ಟಿ ಹಿಡಿದು ಓಣಿಯೆಲ್ಲ ಹುಡುಕಿ ಬರಿಗೈಯಲ್ಲಿ ಬಂದು, ರೊಟ್ಟಿಗೆ ನಾದಿದ್ದ ಜೋಳದ ಹಿಟ್ಟಿನಲ್ಲಿ ಒಂದು ಉಂಡೆ ಕಿತ್ತು, ಅದರೊಳಗೆ ಹಲ್ಲಿಟ್ಟು, ಕರಿಕೆ ಚುಚ್ಚಿ, 'ಉಂಡಿ ಇದ್ರ ಸಾಕು, ಯಾವುದಾದ್ರೇನು' ಎಂದು ತನಗೆ ತಾನೇ ಪರವಾನಿಗೆ ಕೊಟ್ಟುಕೊಂಡು ಮಾಳಿಗೆಗೆ ಎಸೆದಳು. ಹಿಟ್ಟು ಮತ್ತು ಹೆಂಡಿಯ ನಡುವಿನ ವ್ಯತ್ಯಾಸ ತಮಗೆ ಚೆನ್ನಾಗಿ ಗೊತ್ತು ಎಂಬುದು ಪಾಪ ಅವಳಿಗೆ ಹೊಳೆಯಲಿಲ್ಲ. ತಾವು ಮಲಿಕಸಾಬರ ಗೋಡೆಯಿಂದ ನಮ್ಮ ಮಾಳಿಗೆಗೆ ಎಂದಿನಂತೆ ತಪಾಸಣೆಗೆ ಬಂದವರು, ಉಂಡೆಯನ್ನು ಮೂಸಿ, ಕರಿಕೆಯೊಂದಿಗೆ ಸ್ವೀಕರಿಸಿ, ದಾನೇಶ್ವರಿಯ ಕಣ್ಣಲ್ಲಿ ಕಣ್ಣಿಟ್ಟು ಅಗಿದಿರಿ.

'ಅಜ್ಜಾ, ಆಡ ತಿಂತು' ಎಂದು ಹುಡುಗಿ ಓಡಿಬಂದಳು. ನನಗೆ ಗೊತ್ತಿದ್ದ ಉತ್ತರ ಒಂದೇ, ಅದನ್ನೇ ಕೊಟ್ಟೆ. 'ಕುಂದರವ್ವಾ, ಬರತೈತಿ.' ಅವಳು ಕೂಡಲಿಲ್ಲ. ಸೀದಾ ತಮ್ಮ ಬಳಿಗೆ ಬಂದು ತುಟಿ ಎತ್ತಿ ನೋಡಿದಳು. ಮಾನ್ಯರೇ, ತಮ್ಮ ಕುಲದವರಿಗೆ ಮೇಲಿನ ಮುಂದಿನ ಹಲ್ಲು ಹುಟ್ಟಿನಿಂದಲೇ ಇರುವುದಿಲ್ಲ, ಅಲ್ಲಿ ಬರೀ ಗಟ್ಟಿ ಒಸಡು ಇರುತ್ತದೆ ಎಂಬುದು ಊರಿನಲ್ಲಿ ದೊಡ್ಡವರಿಗೆಲ್ಲ ಗೊತ್ತಿರುವ ವಿಷಯ, ಆದ್ದರಿಂದಲೇ ಯಾರೂ ಆ ಕೂಸಿಗೆ ಹೇಳಿರಲಿಲ್ಲ. ಅವಳು ಕಂಡದ್ದಿಷ್ಟು: ಕೆಳಗೆ ಸಾಲಾಗಿ ಹಲ್ಲಿವೆ, ಮೇಲೆ ಇಲ್ಲ. ತನ್ನ ಬಾಯಿಯಲ್ಲೂ ಕೆಳಗಿನವು ಬಂದಿವೆ, ಮೇಲಿನದು ಇಲ್ಲ. ಹಲ್ಲು ಯಾರ ಹೊಟ್ಟೆಗೆ ಹೋಗಿದೆಯೋ ಅವರಿಗೇ ಮೊದಲು ಹೊಸದು ಬರಬೇಕು, ಅವರದು ಬಂದ ಮೇಲೆ ತನ್ನದು, ಸರತಿ ಅಂದರೆ ಸರತಿ. ಬಸ್ ನಿಲ್ದಾಣದವನ ಮೊಮ್ಮಗಳಿಗೆ ಸರತಿಯ ಮಹತ್ವವನ್ನು ಕಲಿಸಿದವನು ನಾನೇ ಆದ್ದರಿಂದ ಈ ಬಗ್ಗೆ ಹೆಚ್ಚು ಮಾತಾಡುವುದಿಲ್ಲ.

ಅಂದಿನಿಂದ ತಮ್ಮ ಬಾಯಿಯಲ್ಲಿ ಹಲ್ಲು ಬೆಳೆಸುವ ಕಾರ್ಯ ಶುರುವಾಯಿತು. ವೈದ್ಯೆ ಹೇಳಿದ್ದೆಲ್ಲ ಅವಳಿಗೆ ಬಾಯಿಪಾಠ. ತಾಯಿ ಸುಮಂಗಲಾ ಬಡಿಸಿದ ತಾಟನ್ನು ಹುಡುಗಿ 'ಹೊರಗ ಕೂತು ಉಣತೇನಿ' ಎಂದು ಹಿತ್ತಲಿಗೆ ಒಯ್ಯುವಳು, ತುಸು ಹೊತ್ತಿಗೆ ತಾಟು ತೊಳೆದಂತೆ ಹೊಳೆಯುತ್ತ ಮರಳಿ ಬರುವುದು. ಮಗಳು ಎಷ್ಟು ಚಂದ ಉಣ್ಣುತ್ತಾಳೆಂದು ಸುಮಂಗಲಾ ಹಿಗ್ಗಿ ಮರುದಿನ ಇನ್ನಷ್ಟು ಬಡಿಸುವಳು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಗುರೆಳ್ಳು ಹಿಂಡಿ, ಕೆನೆಮೊಸರು, ಬದನೆಕಾಯಿಯ ಜೊತೆಗಿನ ಮೆಂತೆಪಲ್ಯ, ನಡುವೆ ಬಾಯಾಡಿಸಲು ಪೇರಲದ ಹೋಳು. ನಿಜ ಹೇಳಬೇಕೆಂದರೆ, ವೈದ್ಯೆಯ ಸಲಹೆಯನ್ನು ನಮ್ಮ ಊರಿನಲ್ಲಿ ಅಕ್ಷರಶಃ ಪಾಲಿಸಿದವರು ತಾವೊಬ್ಬರೇ. ರೊಟ್ಟಿಯನ್ನು ಅಗಿಯುವುದೆಂದರೆ ತಾವೇ ಅಗಿಯಬೇಕು. ಒಮ್ಮೆ ಅಗಿದು, ನುಂಗಿ, ನೆರಳಿನಲ್ಲಿ ಕೂತು ಮತ್ತೆ ಬಾಯಿಗೆ ತಂದುಕೊಂಡು ಅದನ್ನೇ ಇನ್ನೊಮ್ಮೆ ಅಗಿಯುವ ಶಿಸ್ತು ಶಾಲೆಯ ಒಂದು ಮಗುವಿಗೂ ಬಂದಿಲ್ಲ. ಚಹಾ ಬಿಸ್ಕೀಟನ್ನು ತಾವು ಮುಟ್ಟಲಿಲ್ಲ. ಲಿಂಬೆಹಣ್ಣು ಕಂಡರೆ ಮುಖ ತಿರುಗಿಸಿದಿರಿ. ಆರೋಗ್ಯ ಇಲಾಖೆಯವರಿಗೆ ಒಂದು ಆದರ್ಶ ಬಾಯಿಯ ಚಿತ್ರ ಬೇಕಾದರೆ ತಮ್ಮದನ್ನೇ ಗೋಡೆಗೆ ಹಚ್ಚಬೇಕು, ಮೇಲಿನ ಅರ್ಧ ಖಾಲಿ ಇದ್ದರೂ ಚಿಂತೆಯಿಲ್ಲ.

ಆದರೆ ಮಾನ್ಯರೇ, ತಮ್ಮ ಮೈ ಮಿರಿಮಿರಿ ಮಿಂಚುತ್ತಿದ್ದ ಆ ದಿನಗಳಲ್ಲಿ ನನ್ನ ಮೊಮ್ಮಗಳು ಚಹಾದಲ್ಲಿ ಅದ್ದಿದ ಬಿಸ್ಕೀಟಿನ ಮೇಲೆ ಬದುಕುತ್ತಿದ್ದಳು. ಬಿದ್ದ ಹಲ್ಲಿನ ಪಕ್ಕದ್ದೂ ಅಲುಗಾಡತೊಡಗಿತ್ತು. ಅದು ಬಿದ್ದರೆ ಅದನ್ನೂ ತಾವು ನುಂಗುತ್ತೀರಿ, ಸರತಿ ಇನ್ನಷ್ಟು ಉದ್ದವಾಗುತ್ತದೆ ಎಂದು ಹೆದರಿ ಅವಳು ಕಚ್ಚುವುದನ್ನೇ ಬಿಟ್ಟಳು. ಗಟ್ಟಿಯಾದದ್ದು ಏನೂ ಬೇಡ, ನೆನೆದದ್ದು ಸಾಕು. ಮಾತಾಡುವಾಗಲೂ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಕೂಸಿನ ಗಲ್ಲ ಇಳಿದಿತ್ತು. ನಾವು ಬಿಸಿಲಿಗೆ ಎಂದುಕೊಂಡೆವು.

ಗುಟ್ಟು ಹೊರಬಿದ್ದದ್ದು ಮಲಿಕಸಾಬರಿಂದ. ಅವರು ಒಂದು ಸಂಜೆ ನಮ್ಮ ಕಟ್ಟೆಗೆ ಬಂದು ಬಹಳ ಸಂಕೋಚದಿಂದ, 'ಚಂದಪ್ಪಣ್ಣಾ, ನಮ್ಮ ಆಡಿಗೆ ನಿಮ್ಮನ್ಯಾಗ ಏನ್ ಹಾಕಾಕತ್ತೀರಿ? ಬೇಲಿ ಕಡೆ ಹೊಳ್ಳಿ ನೋಡವಲ್ದು. ಜಾಲಿಕಾಯಿ ಮುಂದ ಇಟ್ರ, ಹಿಂಡಿ ಎಲ್ಲೈತಿ ಅನ್ನೋಹಂಗ ನನ್ನ ಮಾರಿ ನೋಡತೈತಿ' ಎಂದರು. ಅಂದರೆ ದೂರು ಮೊದಲು ಬಂದದ್ದು ತಮ್ಮ ಕಡೆಯಿಂದಲೇ. ಸುಮಂಗಲಾ ಹಿತ್ತಲಿಗೆ ಹೋಗಿ ನೋಡಿದಾಗ ತಾವು ತಾಟಿನಲ್ಲಿ ಮುಖವಿಟ್ಟಿದ್ದಿರಿ, ಮಗಳು ತಮ್ಮ ತುಟಿ ಎತ್ತಿ ಬೆರಳಿನಿಂದ ಒಸಡು ಒತ್ತಿ ನೋಡುತ್ತಿದ್ದಳು.

ನಾನು ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಆಡಿಗೆ ಅಲ್ಲಿ ಹಲ್ಲು ಎಂದೂ ಇರಲಿಲ್ಲ, ಮುಂದೆಯೂ ಬರುವುದಿಲ್ಲ ಎಂದು ನಿಧಾನವಾಗಿ ತಿಳಿಸಿದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಸೆಟ್ಟುಗಳು ಗ್ಲಾಸಿನಲ್ಲಿದ್ದ ಹೊತ್ತು ಅದು. 'ಅಜ್ಜಾ, ನಿನ್ನವೂ ಆಡ ತಿಂದಿತ್ತೇನು?' ಎಂದು ಕೇಳಿದಳು. ಅಲ್ಲಿಗೆ ನನ್ನ ಉಪನ್ಯಾಸ ಮುಗಿಯಿತು.

ಬುಶ್ರಾ ಮೇಡಂ ಎರಡನೇ ಸಲ ಶಾಲೆಗೆ ಬಂದಾಗ ದಾನೇಶ್ವರಿಯ ದವಡೆಯ ಹಲ್ಲುಗಳಲ್ಲಿ ಕರಿ ಚುಕ್ಕೆ ಕಂಡು ಹುಬ್ಬು ಗಂಟಿಕ್ಕಿದರು. ಹೀಗೇ ನಡೆದರೆ ಹುಳುಕು ಒಳಗೆ ಇಳಿಯುತ್ತದೆ, ನೋವು ಬರುತ್ತದೆ, ಕೆಳಗೆ ಬೆಳೆಯುತ್ತಿರುವ ಹೊಸ ಹಲ್ಲಿಗೂ ಕೇಡು ಎಂದು ಸುಮಂಗಲಾಳನ್ನು ಪಕ್ಕಕ್ಕೆ ಕರೆದು ಹೇಳಿದರು. ಸುಮಂಗಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು; ಬಡಿಸಿದ್ದು ತಾನೇ, ಹಸಿದದ್ದು ಮಗಳು ಎಂಬುದನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ದಾನೇಶ್ವರಿ ಮಾತ್ರ ಅಂಗೈಯ ಹಿಂದಿನಿಂದಲೇ, 'ಮೊದಲ ಆಡಿಂದು ನೋಡ್ರಿ. ಅದರ ಪಾಳಿ ಮುಗೀಲಿ' ಎಂದಳು.

ಆ ವೈದ್ಯೆಯನ್ನು ನಾನು ಎಷ್ಟು ಹೊಗಳಿದರೂ ಕಡಿಮೆಯೇ. ನಗದೆ, ಗದರದೆ, ನಮ್ಮ ಹಿತ್ತಲಿಗೆ ನಡೆದು ಬಂದು, ಹೊಸ ಕೈಗವಸು ಹಾಕಿಕೊಂಡು, ಪುಟ್ಟ ಕನ್ನಡಿ ಹಿಡಿದು ತಮ್ಮ ಬಾಯಿಯನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಪರೀಕ್ಷಿಸಿದರು. ಆ ಗೌರವಕ್ಕೆ ತಾವು ಕೊಟ್ಟ ಪ್ರತಿಗೌರವವೆಂದರೆ ಆ ಕೈಗವಸಿನ ಹೆಬ್ಬೆರಳನ್ನು ತಿಂದದ್ದು. 'ನೋಡವಾ, ಇದರದು ಆಗ್ಯದ. ಇದಕ್ಕ ಇಷ್ಟೇ ಹಲ್ಲು. ಇದು ಪಾಳಿಯೊಳಗ ನಿಂತೇ ಇಲ್ಲ' ಎಂದು ಅವರು ಹುಡುಗಿಗೆ ಹೇಳಿದರು. ಅವಳು ಒಪ್ಪಿದಳು. ಒಪ್ಪಿ, 'ಮತ್ತ ನನ್ನ ಹಲ್ಲ ಎಲ್ಲಿ ಹೋತು?' ಎಂದು ಕೇಳಿದಳು. ಅಷ್ಟು ಓದಿದ ಮೇಡಂ ನನ್ನ ಮುಖ ನೋಡಿದರು, ನಾನು ಮಲಿಕಸಾಬರ ಮುಖ ನೋಡಿದೆ. ತಾವು ಆಗಷ್ಟೇ ಮರಿ ಹಾಕಿದ್ದಿರಿ, ಮಲಿಕಸಾಬರ ಕೈಯಲ್ಲಿ ಕರೆದ ಹಾಲಿನ ತಂಬಿಗೆಯಿತ್ತು. ಅವರು ತಂಬಿಗೆಯನ್ನು ನೋಡಿ, 'ಎಲ್ಲಿ ಹೋಗತೈತಿ ತಂಗಿ? ತಿಂದದ್ದೆಲ್ಲಾ ಹಾಲಿಗೇ ಬರತೈತಿ' ಎಂದುಬಿಟ್ಟರು.

ಆ ದಿನದಿಂದ ದಾನೇಶ್ವರಿ ತಮ್ಮ ಹಾಲು ಕುಡಿಯತೊಡಗಿದಳು. ಕಾಯಿಸಿದ ಒಂದು ಲೋಟ ಹಾಲನ್ನು, ಹಲ್ಲಿನ ಚೂರು ಎಲ್ಲಿಯಾದರೂ ನಾಲಿಗೆಗೆ ಸಿಕ್ಕೀತೆಂದು ಹುಡುಕಿ ಹುಡುಕಿ ಕುಡಿಯುವಳು. ಚಹಾ ಬಿಟ್ಟಳು. ತಮ್ಮೆದುರಿಗೆ ಕೂತು, ತಮಗೊಂದು ಚೂರು ಕೊಟ್ಟು ತಾನೊಂದು ಚೂರು ತಿನ್ನುವಳು. ಅಲುಗಾಡುವ ಹಲ್ಲಿನ ಕಡೆ ಕಚ್ಚದೆ ದವಡೆಯ ಬದಿಯಲ್ಲಿಟ್ಟು ಅಗಿಯುವುದನ್ನು ತಾವೇ ಕಲಿಸಿದಿರಿ. ಕರಿ ಚುಕ್ಕೆಗಳಿಗೆ ಮೇಡಂ ಬಾಗೇವಾಡಿಯಲ್ಲಿ ಸಿಮೆಂಟು ತುಂಬಿದರು. ಗಲ್ಲಕ್ಕೆ ಬಣ್ಣ ಬಂತು. ಮನೆಯಲ್ಲಿ ಎಲ್ಲರೂ ತಮ್ಮನ್ನು ಹೊಗಳಿದರು, ನಾನೂ ಹೊಗಳಿದೆ, ಆ ಹೊಗಳಿಕೆಯನ್ನು ಈ ಮೂಲಕ ಅರ್ಧದಷ್ಟು ಹಿಂಪಡೆಯುತ್ತಿದ್ದೇನೆ.

ಏಕೆಂದರೆ ತಾವು ಅಷ್ಟರಲ್ಲೇ ಚಡಚಣಕ್ಕೆ ವರ್ಗ ಮಾಡಿಸಿಕೊಂಡಿರಿ. ಮಲಿಕಸಾಬರ ಮಗಳು ಶಮಾ ಅಲ್ಲಿ ಗಂಡನ ಮನೆಯಲ್ಲಿ ಹೆತ್ತು, ಬಾಣಂತನದಲ್ಲಿ ಸೊರಗಿದ್ದರು. ಮೊಲೆಯುಣಿಸುವ ತಾಯಿಗೆ ಹಾಲಿಗೆಂದು ತಮ್ಮನ್ನು ಕಳಿಸುವುದಾಗಿ ಮಲಿಕಸಾಬರು ಮಾತು ಕೊಟ್ಟಿದ್ದರಂತೆ. ನಾನು ಒಮ್ಮೆ ಅವರ ಬಾಗಿಲಿಗೆ ಹೋದೆ, ಇನ್ನೊಂದು ಆಡನ್ನು ಕಳಿಸಲು ಬರುವುದಿಲ್ಲವೇ ಎಂದು ಕೇಳುವವನಿದ್ದೆ. ಒಳಗೆ ಅವರು ಮಗಳೊಂದಿಗೆ ಫೋನಿನಲ್ಲಿ, 'ಬರಾಕತ್ತೇತಿ ಬೇಟಾ, ಗಾಬರಿ ಆಗಬ್ಯಾಡ' ಎನ್ನುತ್ತಿದ್ದರು. ಕೇಳದೆ ತಿರುಗಿ ಬಂದೆ.

ಸುದ್ದಿ ತಿಳಿದ ದಾನೇಶ್ವರಿ ಅಳಲಿಲ್ಲ, ಬಾಯಿ ಮುಚ್ಚಿದಳು. ರೊಟ್ಟಿ ಬೇಡ, ಹಾಲು ಬೇಡ, ಮಾತೂ ಬೇಡ. ತಾವು ಚಡಚಣಕ್ಕೆ ಹೋದರೆ ತನ್ನ ಹಲ್ಲೂ ಚಡಚಣಕ್ಕೆ ಹೋಗುತ್ತದೆ, ಇಂಡಿಯನ್ನು ದಾಟಿ ಹೋದದ್ದು ಇನ್ನು ಮರಳಿ ಬರುವುದೇ ಎಂಬುದು ಅವಳ ಲೆಕ್ಕ. ಮತ್ತೆ ಆ ಅಂಗೈ ಬಾಯಿಗೆ ಅಡ್ಡ ಬಂತು. ಮಗುವಿನ ಎದುರು ದೊಡ್ಡವನಾಗಿ ಕೂತಿರುವುದು ನನಗೆ ಅಷ್ಟು ನಾಚಿಕೆಯೆನಿಸಿದ್ದು ಅದೇ ಮೊದಲು. ಬರತೈತಿ ಎನ್ನುವ ಬದಲು ಅವಳು ಬಿಟ್ಟ ತಾಟನ್ನು ಎತ್ತಿ ಒಳಗೆ ಒಯ್ದೆ.

ತಮ್ಮನ್ನು ಟೆಂಪೋಗೆ ಹತ್ತಿಸುವ ಮುಂಜಾನೆ ಓಣಿಯವರೆಲ್ಲ ಸೇರಿದ್ದರು. ತಾವು ಹತ್ತಲು ಒಪ್ಪದೆ ಚಾಲಕನ ಟವೆಲ್ಲನ್ನು ತಿನ್ನುತ್ತಿದ್ದಾಗ, ದಾನೇಶ್ವರಿ ಅಂಗೈ ತುಸು ಸರಿಸಿ ಮಲಿಕಸಾಬರನ್ನು, 'ಶಮಕ್ಕನ ಕೂಸಿಗೆ ಮ್ಯಾಲಿನ ಹಲ್ಲ ಬಂದಾವೇನ್ರಿ?' ಎಂದು ಕೇಳಿದಳು. 'ಮ್ಯಾಲಿಂದೂ ಇಲ್ಲ, ಕೆಳಗಿಂದೂ ಇಲ್ಲವ್ವ. ಬೊಚ್ಚಬಾಯಿ' ಎಂದರು ಅವರು. ಅವಳು ಒಳಗೆ ಓಡಿದಳು. ಹೊರಗೆ ಬಂದಾಗ ತುಟಿಯ ಮೇಲೆ ರಕ್ತವಿತ್ತು, ಕೈಯಲ್ಲಿ ಹಿಟ್ಟಿನ ಉಂಡೆಯಿತ್ತು, ಅದಕ್ಕೊಂದು ಕರಿಕೆಯ ಎಸಳು ಚುಚ್ಚಿತ್ತು. ಯಾರಿಗೂ ಮುಟ್ಟಗೊಡದೆ ಕಾಪಾಡಿಕೊಂಡಿದ್ದ ಹಲ್ಲನ್ನು ತಾನೇ ಕಿತ್ತುಕೊಂಡಿದ್ದಳು. ಉಂಡೆಯನ್ನು ತಮ್ಮ ಬಾಯಿಗೆ ಹಿಡಿದು, 'ಆ ಕೂಸಿಗೆ ಒಂದೂ ಇಲ್ಲ. ನನಗ ಇನ್ನೂ ಭಾಳ ಅದಾವು' ಎಂದಳು. ತಾವು ತಿಂದಿರಿ. ಮಲಿಕಸಾಬರು ತಲೆಯ ಟೋಪಿ ತೆಗೆದು ಮುಖ ಒರೆಸಿಕೊಂಡರು. ನಾನು ನಿಲ್ದಾಣದಲ್ಲಿ ಎಷ್ಟೋ ಬೀಳ್ಕೊಡುಗೆಗಳನ್ನು ಒಣಗಣ್ಣಿನಿಂದ ನೋಡಿದವನು, ಅಂದು ಗೋಡೆಯ ಕಡೆ ತಿರುಗಿ ನಿಲ್ಲಬೇಕಾಯಿತು.

ಹೀಗಿರುವುದರಿಂದ ತಮ್ಮಲ್ಲಿ ನನ್ನ ಬಿನ್ನಹಗಳಿವೆ. ಮೊದಲನೆಯ ಹಲ್ಲಿನ ಬಗ್ಗೆ ನನ್ನ ತಕರಾರನ್ನು ಕೈಬಿಟ್ಟಿದ್ದೇನೆ, ಏಕೆಂದರೆ ಅದರ ಜಾಗದಲ್ಲಿ ಈಗ ಅಕ್ಕಿಕಾಳಿನಷ್ಟು ಬಿಳಿ ಕಾಣಿಸಿಕೊಂಡಿದೆ, ದಾನೇಶ್ವರಿ ತಾಟನ್ನು ಒಬ್ಬಳೇ ಮುಗಿಸುತ್ತಿದ್ದಾಳೆ, ಸುಮಂಗಲಾ ಪಕ್ಕದಲ್ಲಿ ಕೂತು ಕಾಯುತ್ತಾಳೆ. ಆದರೆ ಎರಡನೆಯದು ತಮಗೆ ಕೊಟ್ಟದ್ದಲ್ಲ, ತಮ್ಮ ಮೂಲಕ ಕಳಿಸಿದ್ದು. ಅದನ್ನು ತಮ್ಮ ಸ್ವಂತ ಉಪಯೋಗಕ್ಕೆ ಬಳಸದೆ, ಹಾಲಿನ ದಾರಿಯಿಂದ ಶಮಾ ಅವರಿಗೂ, ಅವರಿಂದ ಕೂಸಿಗೂ ಸುರಕ್ಷಿತವಾಗಿ ತಲುಪಿಸಬೇಕು. ಕೂಸಿನ ಬಾಯಿಯಲ್ಲಿ ಮೊದಲ ಹಲ್ಲು ಕಂಡೊಡನೆ ತಾವೇ ಖುದ್ದಾಗಿ ನಡೆದು ಬಂದು ನಮ್ಮ ಮಾಳಿಗೆಯ ಮೇಲೆ ನಿಂತು ಮೂರು ಸಲ ಕೂಗಬೇಕು. ಒಬ್ಬಳು ಪ್ರತಿ ಸಂಜೆ ಮೇಲೆ ನೋಡುತ್ತಿರುತ್ತಾಳೆ. ದ್ರಾಕ್ಷಿ ಎಲೆ ಎಷ್ಟೇ ರುಚಿಯಿದ್ದರೂ ಎಳ್ಳು, ಮೆಂತೆಗಳ ಪಥ್ಯವನ್ನು ತಪ್ಪಿಸಬಾರದು, ಬಾಣಂತಿಯ ಎಲುಬು ಮತ್ತು ಕೂಸಿನ ಹಲ್ಲು ತಮ್ಮ ಹೊಟ್ಟೆಯನ್ನೇ ನಂಬಿಕೊಂಡಿವೆ. ಇನ್ನು ಸಾಧ್ಯವಾದರೆ ಊಟವಾದ ಮೇಲೆ ಬಾಯಿ ಮುಕ್ಕಳಿಸಬೇಕು, ಮರಿಗೂ ಕಲಿಸಬೇಕು.

ತಮ್ಮ ದವಡೆಗಳು ಸದಾ ಆಡುತ್ತಿರಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಚಂದಪ್ಪ,
ನಿವೃತ್ತ ನಿಯಂತ್ರಕ, ಯಂಕಂಚಿ

ತಾ.ಕ.: ತಾವು ಹೊರಟ ಮುಂಜಾನೆಯಿಂದ ಕಿಟಕಿಯಲ್ಲಿನ ಸ್ಟೀಲ್ ಗ್ಲಾಸಿನಲ್ಲಿದ್ದ ನನ್ನ ಮೇಲಿನ ಸೆಟ್ಟು ಕಾಣುತ್ತಿಲ್ಲ. ತಮ್ಮನ್ನು ಸಂಶಯಿಸುವುದು ನನ್ನ ಉದ್ದೇಶವಲ್ಲ. ಆದರೆ ತಾವು ಈಗೀಗ ಬಂದವರನ್ನೆಲ್ಲ ನೋಡಿ ನಗುತ್ತಿದ್ದೀರಿ ಎಂದು ಶಮಾ ಫೋನಿನಲ್ಲಿ ಹೇಳಿದರೆಂದು ಮಲಿಕಸಾಬರಿಂದ ತಿಳಿಯಿತು. ಕೆಳಗಿನ ಸೆಟ್ಟನ್ನು ಬಿಟ್ಟುಹೋದದ್ದಕ್ಕೆ ಕೃತಜ್ಞನಾಗಿದ್ದೇನೆ, ಕೆಳಗೆ ತಮಗೆ ಸ್ವಂತ ಹಲ್ಲುಗಳಿವೆ. ದಾನೇಶ್ವರಿಯನ್ನು ಕೇಳಿದರೆ ಅವಳು ಮಾಳಿಗೆಯ ಕಡೆ ನೋಡಿ, 'ಕುಂದರಜ್ಜಾ, ಬರತೈತಿ' ಎನ್ನುತ್ತಾಳೆ. ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟುಕೊಂಡು ಕೂತಿದ್ದೇನೆ.